‘ಸಪೋರ್ಟ್ ಇದೆ’ ಅನ್ನುವುದಕ್ಕೆ ‘ಸಲ್ಲುತ್ತದೆ’ ಆದೀತೇ?

ಎಲ್ಲರಿಗೂ ನಮಸ್ಕಾರ.

ಹ್ಯಾಕ್ಸ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬಗ್ಗೆ ಡಿಪ್ಲೊಮಾ ಮಕ್ಕಳಿಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಒಮ್ಮೆ ಬರೆದ ಕೋಡನ್ನು ಇದರ ಕಂಪೈಲರ್ ಜಾವಾಸ್ಕ್ರಿಪ್ಟ್, ಪೈಥಾನ್, ಪಿಎಚ್‌ಪಿ, ಲುವಾ, ಸಿ ಪ್ಲಸ್ ಪ್ಲಸ್ ಹೀಗೆ ಬೇಕಾದ ಟಾರ್ಗೆಟ್‌ಗೆ ಇಳಿಸಿಕೊಡುತ್ತದೆ. ‘ಯಾವ ಸ್ಟೇಟ್‌ಮೆಂಟ್‌ಗೆ ಯಾವ ಟಾರ್ಗೆಟ್‌ನಲ್ಲಿ ಸಪೋರ್ಟ್ ಇದೆ’ ಎಂಬ ಒಂದೇ ಸಾಲಿನಲ್ಲಿ ಮೂರು ದಿನದಿಂದ ಸಿಕ್ಕಿಕೊಂಡಿದ್ದೇನೆ.

ಸ್ಟೇಟ್‌ಮೆಂಟ್‌ಗೆ ‘ಹೇಳಿಕೆ’ ಸಾಕು. ಎಕ್ಸ್‌ಪ್ರೆಶನ್‌ಗೆ ಶಾಲೆಯ ಗಣಿತದ ‘ಬೀಜೋಕ್ತಿ’, ‘ಬಹುಪದೋಕ್ತಿ’ಗಳಲ್ಲಿರುವ ‘ಉಕ್ತಿ’ಯನ್ನೇ ತೆಗೆದುಕೊಂಡೆ. ಟಾರ್ಗೆಟ್‌ಗೆ ‘ಗುರಿಭಾಷೆ’ ಅನ್ನೋಣವೆಂದರೆ, ಬೈಟ್‌ಕೋಡ್ ಆಗಿ, ಅಂದರೆ ನಾವು ಬರೆಯುವ ಭಾಷೆಯಾಗಿ ಅಲ್ಲದೆ ಯಂತ್ರ ಓದುವ ಸಂಕೇತಗಳಾಗಿ, ಇಳಿಯುವ ಹ್ಯಾಶ್‌ಲಿಂಕ್‌ನಂಥ ಟಾರ್ಗೆಟ್‌ಗಳೂ ಇವೆ. ಹಾಗಾಗಿ ಬರೀ ‘ಗುರಿ’.

ತೊಡಕಿರುವುದು ‘ಸಪೋರ್ಟ್’ನಲ್ಲಿ. ‘ಬೆಂಬಲ’ ಎಂದರೆ ಬೆನ್ನಿಗೆ ನಿಲ್ಲುವ ಬಲ. ಚುನಾವಣೆಯಲ್ಲಿ ಬೆಂಬಲ, ರಾಗಿಗೆ ಬೆಂಬಲ ಬೆಲೆ ಎಂದಾಗ ಯಾರೋ ಯಾರನ್ನೋ ಎತ್ತಿಹಿಡಿಯುತ್ತಿರುತ್ತಾರೆ. ಇಲ್ಲಿ ಆಗುವುದೇ ಬೇರೆ. ಇಂಟ್ (ಪೂರ್ಣಾಂಕ) ಎಂದು ಘೋಷಿಸಿದ ವೇರಿಯಬಲ್‌ಗೆ ನಲ್ (‘ಏನೂ ಇಲ್ಲ’) ಕೊಡುವ ಸಾಲನ್ನು ನೋಡಿ. ಜಾವಾಸ್ಕ್ರಿಪ್ಟ್‌ಗೆ ಇಳಿಸಿದರೆ ಕಂಪೈಲರ್ ತಕರಾರಿಲ್ಲದೆ ಒಪ್ಪುತ್ತದೆ. ಅದೇ ಕಡತದ ಅದೇ ಸಾಲನ್ನು ಸಿ ಪ್ಲಸ್ ಪ್ಲಸ್‌ಗೆ ಇಳಿಸಲು ಹೋದರೆ ಅಲ್ಲೇ ತಡೆದು ದೋಷ ತೋರಿಸುತ್ತದೆ, ಏಕೆಂದರೆ ಅಲ್ಲಿನ ಪೂರ್ಣಾಂಕಕ್ಕೆ ‘ಏನೂ ಇಲ್ಲ’ ಎಂಬ ಸ್ಥಿತಿಯೇ ಇಲ್ಲ. ಒಂದು ಸೀಮೆಯ ನಾಣ್ಯ ಇನ್ನೊಂದು ಸೀಮೆಯಲ್ಲಿ ಚಲಾವಣೆಯಾಗದ ಹಾಗೆ. ಆಗ ‘ಸಲ್ಲು’ ನೆನಪಾಯಿತು. ಮರ್ತ್ಯಲೋಕವನ್ನು ಕಮ್ಮಟ, ಅಂದರೆ ನಾಣ್ಯ ಅಚ್ಚುಹಾಕುವ ಟಂಕಸಾಲೆ, ಎನ್ನುವ ಬಸವಣ್ಣನವರ ವಚನದಲ್ಲಿ ಇಲ್ಲಿ ಸಲ್ಲುವುದು, ಅಲ್ಲಿ ಸಲ್ಲುವುದು ಎಂಬ ಮಾತಿಗೆ ನಾಣ್ಯದ ಹೋಲಿಕೆಯೇ ಬುಡ. ‘ಈ ಹೇಳಿಕೆ ಸಿ ಪ್ಲಸ್ ಪ್ಲಸ್‌ನಲ್ಲಿ ಸಲ್ಲದು’ ಎಂದು ಓದಿ ನೋಡಿದೆ, ಹಿತವಾಗಿದೆ. ‘ನಡೆಯದು’ ಎಂದರೆ ರನ್ ಆಗುವುದಿಲ್ಲ ಎಂಬ ಅರ್ಥ ಬಂದುಬಿಡುತ್ತದೆ. ಆದರೆ ‘ಸಲ್ಲದು’ ಇವತ್ತಿನ ಬರಹದಲ್ಲಿ ‘ತರವಲ್ಲ’ ಎಂಬ ಕಡೆಗೂ ವಾಲಿದೆ: ‘ಈ ಆತುರ ಸಲ್ಲದು’. ಮಕ್ಕಳು ಹಾಗೆ ಓದಿಕೊಂಡಾರೇ?

ಇನ್ನೊಂದು ಇದಕ್ಕಿಂತ ಸೂಕ್ಷ್ಮ. ಲೂಪಿನ ಈ ಸುತ್ತನ್ನು ಅಲ್ಲಿಗೇ ಬಿಟ್ಟು ಮುಂದಿನ ಸುತ್ತಿಗೆ ಹೋಗು ಎನ್ನುವ ‘ಕಂಟಿನ್ಯೂ’ ಎಂಬ ಹೇಳಿಕೆಯೇ ಲುವಾದಲ್ಲಿ ಇಲ್ಲ. ಆದರೂ ಹ್ಯಾಕ್ಸ್‌ನಲ್ಲಿ ಬರೆದ ಕಂಟಿನ್ಯೂ ಅಲ್ಲಿ ಕೆಲಸ ಮಾಡುತ್ತದೆ; ಕಂಪೈಲರ್ ಬೇರೆ ಹೇಳಿಕೆಗಳನ್ನು ಜೋಡಿಸಿ ಅದೇ ಫಲ ಬರುವಂತೆ ಮಾಡುತ್ತದೆ. ಇದಕ್ಕೂ ‘ಸಲ್ಲುತ್ತದೆ’ ಎಂದರೆ ಸುಳ್ಳಲ್ಲ, ಆದರೆ ಇದ್ದದ್ದು ಯಾವುದು, ಜೋಡಿಸಿದ್ದು ಯಾವುದು ಎಂಬುದು ಮರೆಯಾಗುತ್ತದೆ. ಮನೆಯಲ್ಲಿ ಹುಣಸೆಹಣ್ಣು ಮುಗಿದ ದಿನ ಅಮ್ಮ ‘ಟೊಮೇಟೊ ಹಾಕಿ ಸುಧಾರಿಸಿದೆ’ ಅನ್ನುತ್ತಾರೆ. ನನಗೆ ಬೇಕಾದದ್ದು ಆ ‘ಸುಧಾರಿಸು’. ಪುಸ್ತಕದೊಳಗೆ ಬಂದರೆ ಅದು ‘ಉತ್ತಮಪಡಿಸು’ ಆಗಿಬಿಡುತ್ತದೆ. ‘ನಿಭಾಯಿಸು’ ಹತ್ತಿರ ಬರುತ್ತದೆ, ಬದಲಿ ಎಂಬ ಅರ್ಥ ಮಾತ್ರ ಅದರಲ್ಲಿ ಇಲ್ಲ.

ಮಂಗಳೂರು, ಧಾರವಾಡ, ಕಲಬುರಗಿ ಕಡೆಯವರು ದಯವಿಟ್ಟು ಹೇಳಿ: ಇಲ್ಲದ್ದರ ಜಾಗದಲ್ಲಿ ಇದ್ದದ್ದನ್ನಿಟ್ಟು ಕೆಲಸ ಸಾಗಿಸುವುದಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ? ‘ಸಲ್ಲು’ ಎಂಬುದನ್ನು ನಾಣ್ಯದ, ಚಲಾವಣೆಯ ಅರ್ಥದಲ್ಲಿ ಈಗಲೂ ಆಡುವುದನ್ನು ಕೇಳಿದ್ದರೆ, ಯಾವ ಊರಿನಲ್ಲಿ, ಯಾವ ವಾಕ್ಯದಲ್ಲಿ ಎಂದು ಹಾಗೆಯೇ ಬರೆದು ಕಳಿಸಿ.