ಹಳೆ ಮಡಕೆಯಲ್ಲಿ ನೀರು ಯಾಕೆ ತಣ್ಣಗಾಗಲ್ಲ? ಮಗಳ ಪ್ರಾಜೆಕ್ಟ್‌ಗೆ ನಿಮ್ಮ ಅನುಭವ ಹೇಳಿ

ಕೇಳಿದವರು: ತಾಯಿ, ಕೋಲಾರ ಜಿಲ್ಲೆ
ಮಗಳು ಎಂಟನೇ ತರಗತಿ. ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಪ್ರಾಜೆಕ್ಟ್ ಮಾಡಬೇಕು ಅಂತ ಹಟ ಹಿಡಿದಿದ್ದಾಳೆ. "ಮಡಕೆ ಹಳೇದಾಯ್ತು, ನೀರು ತಣ್ಣಗಾಗಲ್ಲ, ಹೊಸದು ತನ್ನಿ" ಅಂತ ಅಜ್ಜಿ ಅಂದಿದ್ದೇ ವಿಷಯ. ಮಡಕೆಯ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುವುದರಿಂದ ತಾನೇ ಒಳಗಿನ ನೀರು ತಣ್ಣಗಾಗುವುದು. ನಮ್ಮ ಬೋರ್ ನೀರಿನ ಉಪ್ಪು ಆ ರಂಧ್ರಗಳನ್ನು ಮುಚ್ಚುತ್ತದೆ ಅನ್ನುವುದು ಅವಳ ಊಹೆ. ಇದನ್ನು ಪರೀಕ್ಷೆ ಮಾಡುವುದು ಹೇಗೆ? ಇಂಥದ್ದು ಮಾಡಿದವರು, ಮಾಡಿಸಿದವರು ಹೇಳಿ.

ಹೈಸ್ಕೂಲ್ ವಿಜ್ಞಾನ ಶಿಕ್ಷಕಿ, ರಾಯಚೂರು ಕಡೆ
ಮೇಡಂ, ಒಳ್ಳೆಯ ಪ್ರಶ್ನೆ ಸಿಕ್ಕಿದೆ, ಬಿಡಬೇಡಿ. ಆದರೆ ಅಜ್ಜಿಯ ಮಡಕೆಯನ್ನೂ ಅಂಗಡಿಯ ಹೊಸ ಮಡಕೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಸಾಲದು. ಹಳೆಯದು ದಪ್ಪ ಇರಬಹುದು, ಮಣ್ಣು ಬೇರೆ ಇರಬಹುದು, ಬಾಯಿ ಅಗಲ ಇರಬಹುದು. ವ್ಯತ್ಯಾಸ ಕಂಡರೆ ಅದು ಉಪ್ಪಿನಿಂದಲೇ ಅಂತ ಹೇಗೆ ಹೇಳುತ್ತಾಳೆ?

ಒಂದೇ ಅಳತೆಯ ಹೊಸ ಮಡಕೆಗಳನ್ನೇ ತನ್ನಿ. ಅರ್ಧದಷ್ಟಕ್ಕೆ ದಿನಾ ಬೋರ್ ನೀರು, ಉಳಿದವಕ್ಕೆ ಮಳೆ ನೀರು ಅಥವಾ ಆರ್‌ಓ ನೀರು. ಜಾಗ, ಮುಚ್ಚಳ, ನೀರಿನ ಅಳತೆ ಎಲ್ಲ ಒಂದೇ ಇರಲಿ. ಎರಡು ಮೂರು ತಿಂಗಳು ಹೀಗೇ ಬಳಸಿ. ನಡುವೆ ಹವೆ ಬದಲಾದರೂ ತೊಂದರೆ ಇಲ್ಲ, ಎರಡೂ ಗುಂಪಿಗೆ ಅದೇ ಹವೆ. ಬೋರ್ ನೀರಿನ ಮಡಕೆಗಳು ಮಾತ್ರ ಹಿಂದೆ ಬಿದ್ದರೆ ಊಹೆಗೆ ಬಲ ಬಂತು. ಎರಡೂ ಒಂದೇ ಥರ ಇದ್ದರೆ ಊಹೆ ಬಿತ್ತು. ಅದನ್ನೂ ಹಾಗೇ ಬರೆಯಲಿ.

ಇನ್ನೊಂದು ವಿಷಯ. ಥರ್ಮಾಮೀಟರ್ ಜೊತೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯೂ ಇರಲಿ. ಬೆಳಗ್ಗೆ, ಸಂಜೆ ಮಡಕೆಯನ್ನು ನೀರಿನ ಸಮೇತ ತೂಗಿದರೆ ಎಷ್ಟು ನೀರು ಆವಿಯಾಯಿತು ಅಂತ ಗೊತ್ತಾಗುತ್ತದೆ. 1 ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. 1 ಗ್ರಾಂ ನೀರು 1 ಡಿಗ್ರಿ ತಣ್ಣಗಾಗಲು 1 ಕ್ಯಾಲೊರಿ ಹೋದರೆ ಸಾಕು. 2 ಲೀಟರ್ ನೀರಿನ ಮಡಕೆಯಿಂದ 40 ಗ್ರಾಂ ಹೋದರೆ, ಲೆಕ್ಕದ ಪ್ರಕಾರ ನೀರು 11 ಡಿಗ್ರಿಗೂ ಜಾಸ್ತಿ ತಣ್ಣಗಾಗಬೇಕು. ಅಷ್ಟು ಆಗುವುದಿಲ್ಲ, ಏಕೆಂದರೆ ಹೊರಗಿನ ಶಾಖ ಒಳಗೆ ಬರುತ್ತಲೇ ಇರುತ್ತದೆ. ಈ ಲೆಕ್ಕವನ್ನು ಅವಳೇ ಹಾಕಿ, ತನ್ನ ಅಳತೆಯ ಪಕ್ಕ ಇಟ್ಟು ನೋಡಲಿ. ಮಕ್ಕಳ ಕಣ್ಣು ಅರಳುವುದು ಅಲ್ಲೇ.

ಕುಂಬಾರರ ಮನೆಯವನು
ಟೀಚರ್ ಹೇಳಿದ್ದು ಸರಿ, ಆದರೆ ಒಂದೇ ಆವಿಗೆಯಲ್ಲಿ (ಮಡಕೆ ಸುಡುವ ಗೂಡು) ಸುಟ್ಟ ಮಡಕೆಗಳೂ ಒಂದೇ ಥರ ಇರುವುದಿಲ್ಲ ಅಕ್ಕ. ಬೆಂಕಿ ಜಾಸ್ತಿ ತಾಗಿದ್ದು ಗಟ್ಟಿಯಾಗಿ ಕಡಿಮೆ ಬೆವರುತ್ತದೆ. ಅದಕ್ಕೆ ಎರಡೇ ಮಡಕೆ ಸಾಕಾಗಲ್ಲ, ಗುಂಪಿಗೆ ಮೂರಾದರೂ ಬೇಕು. ಮೊದಲ ವಾರ ಎಲ್ಲಕ್ಕೂ ಒಂದೇ ನೀರು ಹಾಕಿ ತೂಗಿ. ಯಾವುದು ಹುಟ್ಟಿನಿಂದಲೇ ಕಡಿಮೆ ಬೆವರುತ್ತದೆ ಅಂತ ಗೊತ್ತಾದ ಮೇಲೆ ಗುಂಪು ಮಾಡಿ.

ಬಣ್ಣ ಬಳಿದ ಮಡಕೆ ಬೇಡವೇ ಬೇಡ. ಹೊಸದನ್ನು ಒಂದು ರಾತ್ರಿ ನೀರಲ್ಲಿ ಮುಳುಗಿಸಿಟ್ಟು ಆಮೇಲೆ ಬಳಸಿ. ಕೆಲವು ಮಡಕೆ ತಳದಲ್ಲಿ ತೊಟ್ಟಿಕ್ಕುತ್ತವೆ. ಆ ನೀರು ಆವಿಯಾದದ್ದಲ್ಲ, ಆದ್ದರಿಂದ ಕೆಳಗೆ ತಟ್ಟೆ ಇಟ್ಟು ತಟ್ಟೆ ಸಮೇತ ತೂಗಿ.

ತಂದೆ, ಮಂಗಳೂರು
ನಮ್ಮ ಕಡೆ ಗಾಳಿಯಲ್ಲೇ ತೇವ ಜಾಸ್ತಿ. ಹೊಸ ಮಡಕೆಯಲ್ಲೂ ನೀರು ಅಷ್ಟೊಂದು ತಣ್ಣಗಾಗಲ್ಲ. ಮಗ ಇನ್ನೊಂದು ಥರ್ಮಾಮೀಟರ್ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ದಿನಾ ಓದುತ್ತಿದ್ದ. ಆವಿಯಾಗುವುದರಿಂದ ಮಡಕೆ ನೀರು ತಣ್ಣಗಾಗುವುದು ಹೆಚ್ಚೆಂದರೆ ಆ ಒದ್ದೆ ಬಟ್ಟೆ ತೋರಿಸುವ ಉಷ್ಣಾಂಶದವರೆಗೆ. ಮೋಡದ ದಿನ, ಬಿಸಿಲಿನ ದಿನ ಹೋಲಿಸಲು ಇದು ಬಹಳ ಉಪಯೋಗಕ್ಕೆ ಬಂತು.

ಡಿಗ್ರಿ ವಿದ್ಯಾರ್ಥಿನಿ, ಹಿಂದೆ ಸಮಾವೇಶಕ್ಕೆ ಹೋದವಳು
ಪುಟ್ಟಿಗೆ ಒಂದು ನೋಟ್‌ಬುಕ್ ಕೊಡಿ. ಚೆನ್ನಾಗಿ ಕಾಣಲಿ ಅಂತ ಆಮೇಲೆ ಸುಮ್ನೆ ತಿದ್ದಿ ಬರೆಯಬಾರದು. ಅಳತೆ ತೆಗೆದ ಕೂಡಲೇ ತಾರೀಖು, ಗಂಟೆ ಹಾಕಿ ಪೆನ್ನಲ್ಲೇ ಬರೆಯಲಿ. ಒಂದು ದಿನದ ಅಂಕಿ ವಿಚಿತ್ರ ಬಂದರೆ ಹೊಡೆದು ಹಾಕುವುದು ಬೇಡ. ಅವತ್ತು ಏನಾಗಿತ್ತು, ಯಾರಾದರೂ ಮಡಕೆಯಿಂದ ನೀರು ಕುಡಿದರಾ ಅಂತ ಪಕ್ಕದಲ್ಲಿ ಬರೆದಿಡಲಿ.

ಜಿಲ್ಲಾ ಮಟ್ಟದಲ್ಲಿ ಪ್ರಾಜೆಕ್ಟ್ ನೋಡುವ ಉಪನ್ಯಾಸಕ
ಈ ಸಮಾವೇಶ 1993ರಿಂದ ನಡೆಯುತ್ತಿದೆ, 10ರಿಂದ 17 ವರ್ಷದ ಮಕ್ಕಳಿಗೆ. ಥರ್ಮೋಕೋಲ್ ಮಾಡೆಲ್‌ಗೆ ಇಲ್ಲಿ ಬೆಲೆ ಇಲ್ಲ. "ಬೇರೆ ಕಾರಣ ಇರಬಹುದಲ್ವಾ?" ಅಂತ ಕೇಳಿದಾಗ ಮಗು ಏನು ಹೇಳುತ್ತದೆ ಅನ್ನುವುದನ್ನೇ ನಾನು ನೋಡುತ್ತೇನೆ.

1921ರಲ್ಲಿ ಸಿ.ವಿ. ರಾಮನ್ ಹಡಗಿನಲ್ಲಿ ಬರುವಾಗ ಇದನ್ನೇ ಮಾಡಿದ್ದು. ಸಮುದ್ರದ ನೀಲಿ ಬರೀ ಆಕಾಶದ ಪ್ರತಿಫಲನ ಅನ್ನುತ್ತಿದ್ದ ಕಾಲ. ಅವರು ನಿಕೋಲ್ ಪ್ರಿಸಮ್ (ಪ್ರತಿಫಲಿಸಿದ ಬೆಳಕನ್ನು ತಡೆಯಬಲ್ಲ ಹರಳು) ಹಿಡಿದು ಆ ಪ್ರತಿಫಲನವನ್ನು ತಡೆದು ನೋಡಿದರು. ನೀಲಿ ಹೋಗಲಿಲ್ಲ. ನಿಮ್ಮ ಮಗಳೂ ಕೊನೆಗೆ ಅಂಥದ್ದೊಂದು ಮಾಡಬಹುದು. ಬೋರ್ ನೀರಿನ ಒಂದು ಮಡಕೆಯನ್ನು ನಿಂಬೆರಸ ಅಥವಾ ವಿನೆಗರ್‌ನಲ್ಲಿ ನೆನೆಸಿ ತೊಳೆಯಲಿ, ಬಿಳಿ ಪದರ ಕರಗುತ್ತದೆ. ಇನ್ನೊಂದನ್ನು ಬರೀ ನೀರಲ್ಲಿ ಅಷ್ಟೇ ಹೊತ್ತು ನೆನೆಸಲಿ. ಮೊದಲನೆಯದು ಮಾತ್ರ ಮತ್ತೆ ತಣ್ಣಗೆ ಮಾಡತೊಡಗಿದರೆ ಅವಳ ಊಹೆ ಇನ್ನಷ್ಟು ಗಟ್ಟಿ.

ಕೇಳಿದವರು
ಎಲ್ಲರಿಗೂ ಧನ್ಯವಾದ. ಆರು ಮಡಕೆ ಹೇಳಿದ್ದೇವೆ. ನಮ್ಮಲ್ಲಿ ಆರ್‌ಓ ಇಲ್ಲ, ಮಳೆಯೂ ಇಲ್ಲ. ಬೋರ್ ನೀರನ್ನೇ ಕುದಿಸಿ ಆರಿಸಿ ಹಾಕಬಹುದಾ?

ಶಿಕ್ಷಕಿ
ಅದು ಬೇಡ ಮೇಡಂ. ಕುದಿಸಿದರೆ ತಾತ್ಕಾಲಿಕ ಗಡಸುತನ, ಅಂದರೆ ಕಾಯಿಸಿದಾಗ ಬಿಳಿ ಪದರವಾಗಿ ಕೂರುವ ಲವಣ, ಮಾತ್ರ ಹೋಗುತ್ತದೆ, ಬೇರೆ ಲವಣ ಹಾಗೇ ಉಳಿಯುತ್ತದೆ. ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರು ತನ್ನಿ. ಪ್ರತಿ ಸಲ ಅದೇ ಘಟಕದ್ದೇ ಇರಲಿ. ಎರಡೂ ನೀರಿನ ಟಿಡಿಎಸ್ (ನೀರಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ) ಎಷ್ಟು ಅಂತ ಕೇಳಿ ನೋಟ್‌ಬುಕ್‌ನ ಮೊದಲ ಪುಟದಲ್ಲೇ ಬರೆಸಿ.