ಗ್ರೆನಡಾದಲ್ಲಿ ಮನೆ ಹಿಡಿಯುವ ಮುನ್ನ: ಗಾಳಿ, ಮಳೆ ಮತ್ತು ಸೆಪ್ಟೆಂಬರ್

ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪರಾಷ್ಟ್ರವಾದ ಗ್ರೆನಡಾಕ್ಕೆ ಕೆಲಸಕ್ಕಾಗಿ ಸಂಸಾರ ಸಮೇತ ಬರಲಿರುವ ನೀವು, ಮಕ್ಕಳಿಗೆ ಅಲ್ಲಿನ ಹವೆ ಒಗ್ಗೀತೇ ಎಂದು ಕೇಳಿದ್ದೀರಿ. ಒಗ್ಗುತ್ತದೆ. ಆದರೆ ದ್ವೀಪದ ಯಾವ ಮಗ್ಗುಲಲ್ಲಿ, ಎಂಥ ಛಾವಣಿಯ ಕೆಳಗೆ ಇರುತ್ತೀರಿ ಎಂಬುದನ್ನು ಬಾಡಿಗೆಯ ಮಾತಿಗಿಂತ ಮೊದಲು ವಿಚಾರಿಸಬೇಕು.

ರಾಜಧಾನಿ ಸೇಂಟ್ ಜಾರ್ಜಸ್ ಇರುವುದು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಅಂದರೆ ಹೆಚ್ಚುಕಡಿಮೆ ಮೈಸೂರಿನ ನೇರಕ್ಕೆ. ಹಗಲಿರುಳಿನ ಅಳತೆ ಎರಡೂ ಕಡೆ ಒಂದೇ ಆದ್ದರಿಂದ, ಕೆನಡಾಕ್ಕೆ ಹೋದ ನಮ್ಮವರ ಮಕ್ಕಳಂತೆ ಚಳಿಗಾಲದಲ್ಲಿ ಶಾಲೆ ಬಿಡುವ ಹೊತ್ತಿಗೇ ಕತ್ತಲೆ ಕಾಣಬೇಕಾಗಿಲ್ಲ. ಆದರೆ ಮೈಸೂರು ಸುಮಾರು 760 ಮೀಟರ್ ಎತ್ತರದಲ್ಲಿದೆ. ಗ್ರೆನಡಾದಲ್ಲಿ ಹೆಚ್ಚಿನ ಜನ ಕಡಲಂಚಿನಲ್ಲೇ ನೆಲೆಸಿದ್ದಾರೆ. ಹೀಗಾಗಿ ಏಪ್ರಿಲ್ಲಿನ ಉರಿಬಿಸಿಲು ಇಲ್ಲದಿದ್ದರೂ ಇರುಳಿನ ತಂಪೂ ಇಲ್ಲ. ವರ್ಷವಿಡೀ 24ರಿಂದ 31 ಡಿಗ್ರಿ, ಜೊತೆಗೆ ಬೆವರು. ಪೂರ್ವದಿಂದ ಬೀಸುವ ವಾಣಿಜ್ಯ ಮಾರುತವೇ ಸೆಕೆಯನ್ನು ಹಗುರ ಮಾಡುವುದರಿಂದ, ಗಾಳಿಗೆ ಎದುರಾಗಿ ಕಿಟಕಿಗಳಿರುವ ಮನೆ ಸಿಕ್ಕರೆ ಬಿಡಬೇಡಿ. ಮಕ್ಕಳಲ್ಲಿ ಯಾರಿಗಾದರೂ ಉಬ್ಬಸವಿದ್ದರೆ, ಅದೇ ಗಾಳಿ ಕೆಲವು ತಿಂಗಳು ಅಟ್ಲಾಂಟಿಕ್ ದಾಟಿಸಿ ತರುವ ಸಹಾರಾ ಮರುಭೂಮಿಯ ಧೂಳನ್ನೂ ಲೆಕ್ಕಕ್ಕೆ ಹಿಡಿಯಿರಿ.

ಒಟ್ಟು 344 ಚದರ ಕಿ.ಮೀ. ದೇಶ, ಆದರೆ ಮಳೆಯಲ್ಲಿ ಎರಡು ದೇಶವಿದ್ದಂತೆ. ಜ್ವಾಲಾಮುಖಿಯಿಂದ ಹುಟ್ಟಿದ ದ್ವೀಪದ ನಡುವೆ ಬೆಟ್ಟಸಾಲಿದೆ. ಅದರಲ್ಲಿ ಎತ್ತರದ ಸೇಂಟ್ ಕ್ಯಾಥರೀನ್ 840 ಮೀಟರ್. ಕಡಲಗಾಳಿ ಅದನ್ನೇರುವಾಗ ತಣಿದು ಮಳೆ ಸುರಿಸುವುದರಿಂದ, ಗ್ರಾಂಡ್ ಎಟಾಂಗ್ ಎಂಬ ಕುಳಿ ಸರೋವರದ ಸುತ್ತಮುತ್ತ ಕೊಡಗಿನ ಮಳೆಕಾಡನ್ನು ನೆನಪಿಸುವ ಹಸಿರಿದ್ದರೆ, ವಿಮಾನ ನಿಲ್ದಾಣವಿರುವ ನೈಋತ್ಯ ಮೂಲೆ ಕುರುಚಲು ಗಿಡಗಳ ಒಣ ನೆಲ. ಹೊರಗಿನಿಂದ ಬಂದವರು ನೆಲೆಸಲು ಬಯಸುವುದು ಈ ಒಣ ಮೂಲೆಯಲ್ಲೇ; ಅಲ್ಲಿನ ಗ್ರಾಂಡ್ ಆನ್ಸ್ ತೀರದ ಶಾಂತ ಕಡಲು ಈಜು ಕಲಿಯುವ ಮಕ್ಕಳಿಗೂ ಒಳ್ಳೆಯದು, ಅಟ್ಲಾಂಟಿಕ್ ಬದಿಯದು ಹಾಗಲ್ಲ. ಜನವರಿಯಿಂದ ಮೇ ತನಕ ಮಳೆ ಕಡಿಮೆ. 2024ರ ಮೇ ತಿಂಗಳಲ್ಲಿ ನೀರಿನ ಬಳಕೆಗೇ ನಿರ್ಬಂಧ ಬಂದಿತ್ತು. ಆದ್ದರಿಂದ ಮನೆಗೆ ಸ್ವಂತ ಟ್ಯಾಂಕ್ ಇದೆಯೇ ಎಂದು ಕೇಳಲೇಬೇಕು. ಇದೇ ದೇಶಕ್ಕೆ ಸೇರಿದ, ನದಿಯೇ ಇಲ್ಲದ ಪಕ್ಕದ ಕ್ಯಾರಿಯಕೂ ದ್ವೀಪದಲ್ಲಂತೂ ಛಾವಣಿಯ ಮಳೆನೀರೇ ಮುಖ್ಯ ಆಧಾರ.

ಗ್ರೆನಡಾ ಚಂಡಮಾರುತದ ಹಾದಿಯಿಂದ ದಕ್ಷಿಣಕ್ಕಿದೆ, ಭಯವಿಲ್ಲ ಎಂದು ಈಗಲೂ ಕೆಲವರು ಹೇಳುವುದುಂಟು. 1955ರ ಜಾನೆಟ್ ಚಂಡಮಾರುತದ ನಂತರ ಅರ್ಧ ಶತಮಾನ ಹಾಗೆ ನಂಬಿದ್ದ ದೇಶದ ಮೇಲೆ 2004ರ ಸೆಪ್ಟೆಂಬರ್ 7ರಂದು ಐವನ್ ಎರಗಿ, ನೂರಕ್ಕೆ ಸುಮಾರು ತೊಂಬತ್ತು ಮನೆಗಳಿಗೆ ಹಾನಿ ಮಾಡಿತು. ಧ್ವಜದಲ್ಲೇ ಜಾಯಿಕಾಯಿ ಇರುವ ನಾಡಿನಲ್ಲಿ, ಫಲ ಕೊಡಲು ಏಳೆಂಟು ವರ್ಷ ಬೇಕಾಗುವ ಆ ಮರಗಳ ತೋಟಗಳು ನೆಲಸಮವಾದವು. ನೀರಿಗೆ ಬರವಿದ್ದ 2024ರಲ್ಲೇ, ಜುಲೈ 1ರಂದು, ಬೆರಿಲ್ ಕ್ಯಾರಿಯಕೂವನ್ನು ಧ್ವಂಸ ಮಾಡಿತು. ಜೂನ್‌ನಿಂದ ನವೆಂಬರ್ ತನಕ ಈ ಭಯವಿರುತ್ತದೆ. ಶಾಲಾ ವರ್ಷ ಆರಂಭವಾಗುವ ಸೆಪ್ಟೆಂಬರಿನಲ್ಲೇ ಅದು ಹೆಚ್ಚು.

ಆದ್ದರಿಂದ ತಗಡಿನ ಮಾಡಾದರೆ ಅದರ ಜಂತಿಗಳನ್ನು ಗೋಡೆಗೆ ಲೋಹದ ಪಟ್ಟಿಯಿಂದ ಬಿಗಿದಿದ್ದಾರೆಯೇ, ಕಿಟಕಿಗಳಿಗೆ ಗಟ್ಟಿ ಬಾಗಿಲುಗಳಿವೆಯೇ ಎಂದು ನೀವೇ ನೋಡಿ. ಸಮೀಪದ ಯಾವ ಶಾಲೆ ಅಥವಾ ಚರ್ಚು ಆಶ್ರಯತಾಣವೆಂಬುದು ಮಕ್ಕಳಿಗೂ ತಿಳಿದಿರಲಿ. ಕೆಲಸಕ್ಕೆ ಸೇರುವ ತಿಂಗಳನ್ನು ಆಯ್ದುಕೊಳ್ಳುವ ಅವಕಾಶವಿದ್ದರೆ ಜನವರಿಯಲ್ಲಿ ಬನ್ನಿ. ಮಕ್ಕಳು ಎರಡನೆಯ ಅವಧಿಗೆ ಶಾಲೆ ಸೇರಬಹುದು, ಮತ್ತು ಮೊದಲ ಚಂಡಮಾರುತದ ಎಚ್ಚರಿಕೆ ಬರುವಷ್ಟರಲ್ಲಿ ನಿಮಗೆ ನೆರೆಹೊರೆಯವರ ಪರಿಚಯವಾಗಿರುತ್ತದೆ.