ಅಮ್ಮನಿಗೆ ಬಂದ ಟ್ಯಾಕ್ಸ್ ರೀಫಂಡ್ ಮೆಸೇಜ್: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಅಮ್ಮನ ರಿಟರ್ನ್ಸ್ ಸಲ್ಲಿಸಿ ಮೂರು ವಾರ ಆಯ್ತು. ನಿನ್ನೆ "ರೀಫಂಡ್ ಮಂಜೂರಾಗಿದೆ, ಇವತ್ತೇ ಖಾತೆ ದೃಢೀಕರಿಸಿ" ಅಂತ ಮೆಸೇಜ್ ಬಂತು. ಅಮ್ಮ ಲಿಂಕ್ ಒತ್ತಿ ಖಾತೆ ನಂಬರ್, ಹುಟ್ಟಿದ ದಿನಾಂಕ ಹಾಕಿಬಿಟ್ಟಿದ್ದಾರೆ. ಓಟಿಪಿ ಕೇಳಿದಾಗ ಗಾಬರಿಯಾಗಿ ನನ್ನನ್ನು ಕರೆದರು. ನೋಡಿದರೆ ವೆಬ್‌ಸೈಟ್ ವಿಳಾಸದಲ್ಲಿ ಒಂದು ಅಕ್ಷರ ಜಾಸ್ತಿ ಇತ್ತು!

ಬ್ಯಾಂಕಿಗೆ ತಿಳಿಸಿದೆ, ಪಾಸ್‌ವರ್ಡ್ ಬದಲಿಸಿದೆ. ಇಲಾಖೆಯ ವಿಳಾಸ ನಾನೇ ಟೈಪ್ ಮಾಡಿ ಲಾಗಿನ್ ಆದೆ. ಅಲ್ಲಿ ರಿಟರ್ನ್ಸ್ ಇನ್ನೂ ಪರಿಶೀಲನೆಯಲ್ಲೇ ಇದೆ. ಅಂದರೆ ಆ ಮೆಸೇಜ್ ಸುಳ್ಳು, ಅಲ್ವಾ?

ಆದರೆ ಇವತ್ತು ಒಬ್ಬರು ಫೋನ್ ಮಾಡಿ, ಅಮ್ಮನ ತೆರಿಗೆ ನಂಬರನ್ನು ಸರಿಯಾಗಿ ಹೇಳಿ, "ಬಾಕಿ ಇದೆ, ಈಗಲೇ ಕಟ್ಟಿ, ಇಲ್ಲದಿದ್ದರೆ ಕೇಸ್" ಅಂದರು. ಆ ನಂಬರನ್ನು ಅಮ್ಮ ಲಿಂಕ್‌ನಲ್ಲಿ ಕೊಟ್ಟೇ ಇಲ್ಲ. ಪಾಪ, ರಾತ್ರಿಯಿಂದ ಅವರು ಸರಿಯಾಗಿ ಊಟ ಮಾಡಿಲ್ಲ.

ನಂಬರ್ ಸರಿಯಾಗಿ ಹೇಳಿದ ಮಾತ್ರಕ್ಕೆ ಕರೆ ಅಸಲಿ ಅಂತ ನಂಬಬಹುದಾ? ಖಾತೆಯನ್ನೇ ಮುಚ್ಚಿಸಬೇಕಾ, ಅಥವಾ ಇಷ್ಟು ಮಾಡಿದ್ದು ಸಾಕಾ?